ರೈತನಿಗೆ ಹಾಕಿದ ನವಿಲುಗರಿಯ ಟೋಪಿ

ಹೋದ ವಾರ ನಮ್ಮೂರ ಗೆಳೆಯರ ವಾಟ್ಸಾಪ್ ಗುಂಪಿಗೆ ಒಂದು ರೀಲ್ಸ್ ಬಂದು ಬಿತ್ತು. ಪೋಲೆಂಡ್ ದೇಶದ ಕುಣಿತ. ಹುಡುಗಿಯರಿಗೆ ಹೂವಿನ ಲಂಗ, ಚಮಕಿ ಹೊಲಿದ ತೋಳಿಲ್ಲದ ಕಪ್ಪು ಜಾಕೀಟು, ಕೊರಳಲ್ಲಿ ಮೂರು ಸುತ್ತು ಕೆಂಪು ಹವಳ, ತಲೆ ಮೇಲೆ ಹೂವಿನ ದಂಡೆ, ಬೆನ್ನ ಮೇಲೆ ಬಣ್ಣಬಣ್ಣದ ರಿಬ್ಬನ್ನು. ಹುಡುಗರಿಗೆ ಕೆಂಪು ಬಿಳಿ ಗೀರಿನ ಪ್ಯಾಂಟು, ಮೊಣಕಾಲುದ್ದದ ಕರಿ ಬೂಟು, ಹಿತ್ತಾಳೆ ಬಳೆ ಜೋಡಿಸಿದ ಬೆಲ್ಟು, ತಲೆಗೆ ನಾಲ್ಕು ಮೂಲೆಯ ಕೆಂಪು ಟೋಪಿ. ಟೋಪಿಯಲ್ಲಿ ನವಿಲುಗರಿ. ಹೆಜ್ಜೆ ಹಾಕಿದಾಗಲೆಲ್ಲ ಬೆಲ್ಟು ಝಣ್ ಝಣ್ ಅನ್ನುತ್ತಿತ್ತು. ನೋಡಲು ಚಂದವೇ ಚಂದ, ಅದರಲ್ಲಿ ಎರಡು ಮಾತಿಲ್ಲ.

ವಿಡಿಯೊದ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು: ಸಾವಿರ ವರ್ಷದಿಂದ ಬದಲಾಗದ ರೈತರ ಉಡುಪು. ಕೆಳಗೆ ನಮ್ಮವರೇ ಒಬ್ಬರು, "ನೋಡ್ರಪ್ಪ, ಅಲ್ಲಿ ರೈತರಿಗೆ ಎಷ್ಟು ಮರ್ಯಾದೆ ಕೊಡ್ತಾರೆ!" ಅಂತ ಹಾಕಿದ್ದರು. ಅದಕ್ಕೆ ಹದಿನೇಳು ಹಾರ್ಟು.

ಎರಡು ಮಾತೂ ಸುಳ್ಳು. ಆ ಉಡುಪು ಸಾವಿರ ವರ್ಷದ್ದಲ್ಲ. ಅದನ್ನು ತೊಟ್ಟ ರೈತನಿಗೆ ಅಲ್ಲಿ ಸಿಕ್ಕ ಮರ್ಯಾದೆ ಎಂಥದ್ದು ಅನ್ನೋದು ದೊಡ್ಡ ಕತೆ. ಗುಂಪಿನಲ್ಲಿ ಉತ್ತರ ಬರೆಯಲು ಹೋದರೆ ಹೆಬ್ಬೆರಳು ಸೋಲುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಇದು ಯಾರ ಉಡುಪು ಅಂತ ತಿಳಿಯೋಣ. ಪೋಲೆಂಡಿನ ದಕ್ಷಿಣಕ್ಕೆ ಕ್ರಾಕೋವ್ ಅಂತ ಹಳೆಯ ರಾಜಧಾನಿ ಇದೆ. ಅದರ ಸುತ್ತಲಿನ ಹಳ್ಳಿಗಳ ಜನರಿಗೆ ಕ್ರಾಕೋವ್ಯಾಕ್ ಅನ್ನುತ್ತಾರೆ. ಅವರಲ್ಲೂ ಪಡುವಣ ಕ್ರಾಕೋವ್ಯಾಕರು ಬೇರೆ, ಮೂಡಣದವರು ಬೇರೆ. ಒಬ್ಬರ ಕೋಟಿನ ಬಣ್ಣ ಇನ್ನೊಬ್ಬರಿಗಿಲ್ಲ. ಹೆಂಗಸರ ಜಾಕೀಟಿನ ಹೊಲಿಗೆ ನೋಡಿ ಯಾವ ಕಡೆಯವಳು ಅಂತ ಹೇಳಬಹುದಿತ್ತು. ನಮ್ಮಲ್ಲಿ ಸೀರೆ ಉಟ್ಟ ರೀತಿ ನೋಡಿ ಯಾವ ಸೀಮೆಯವರು ಅಂತ ಅಜ್ಜಿಯರು ಹೇಳುತ್ತಿದ್ದರಲ್ಲ, ಹಾಗೆ. ರೀಲ್ಸಿನಲ್ಲಿ ಅದೆಲ್ಲ ಇಲ್ಲ. ಅಲ್ಲಿ ಇರುವುದು ಒಂದೇ ಅಚ್ಚು, ಇಪ್ಪತ್ತು ಜನ, ಇಪ್ಪತ್ತೂ ಒಂದೇ ಥರ.

ಈಗ "ಸಾವಿರ ವರ್ಷ"ದ ಮಾತಿಗೆ ಬರೋಣ. ಒಂದೊಂದೇ ಬಿಚ್ಚಿ ನೋಡಿ.

ಲಂಗದ ಬಟ್ಟೆಗೆ ಅಲ್ಲಿನ ಹೆಸರು 'ತಿಬೆತ್'. ಹೆಸರಷ್ಟೇ ಟಿಬೆಟ್ಟಿನದು. ಬಟ್ಟೆ ಯುರೋಪಿನ ಕಾರ್ಖಾನೆಗಳಲ್ಲಿ ನೇಯ್ದ ತೆಳು ಉಣ್ಣೆ, ಅದರ ಮೇಲೆ ಗುಲಾಬಿ ಹೂವಿನ ಅಚ್ಚು. ಕಪ್ಪು ಜಾಕೀಟಿನ ಮಖಮಲ್ಲು ಕಾರ್ಖಾನೆಯದು, ಚಮಕಿ ಕಾರ್ಖಾನೆಯದು, ಗಾಜಿನ ಮಣಿ ಕಾರ್ಖಾನೆಯದು. ಹವಳ ಮೆಡಿಟರೇನಿಯನ್ ಸಮುದ್ರದ್ದು. ಗಂಡಸರು ಹಾಕುತ್ತಿದ್ದ ಇನ್ನೊಂದು ಬಗೆಯ ಉಣ್ಣೆ ಟೋಪಿಗೆ 'ಮಾಗ್ಯೆರ್ಕಾ' ಅಂತ ಹೆಸರು. ಮಾಗ್ಯಾರ್ ಅಂದರೆ ಹಂಗೇರಿಯವರು. ಅಂದರೆ ಟೋಪಿ ಪಕ್ಕದ ದೇಶದಿಂದ ಬಂದಿದ್ದು ಅಂತ ಹೆಸರೇ ಹೇಳುತ್ತದೆ. ಇನ್ನು ನವಿಲು! ಹಿಮ ಬೀಳುವ ಪೋಲೆಂಡಿನ ಕಾಡಿನಲ್ಲಿ ನವಿಲು ಎಲ್ಲಿಂದ ಬರಬೇಕು? ನಿಮ್ಮ ಜೋಳದ ಹೊಲಕ್ಕೆ ಬೆಳಿಗ್ಗೆ ಎದ್ದು ನುಗ್ಗುತ್ತದಲ್ಲ, ಅದೇ ಹಕ್ಕಿ ಅದು, ನಮ್ಮ ಸೀಮೆಯದು.

ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಈ ಉಡುಪು ಇಷ್ಟು ಝಗಮಗ ಆಯಿತು. ಅದಕ್ಕೂ ಮೊದಲಿನ ಜಾಕೀಟು ಸಾದಾ ಬಟ್ಟೆಯದು, ಅಲಂಕಾರ ಕಮ್ಮಿ. ಆಗಲೇ ಯಾಕೆ ಝಗಮಗ ಆಯಿತು? ಕಾರಣ ಸರಳ. ಅಲ್ಲಿಯವರೆಗೆ ರೈತ ವಾರದಲ್ಲಿ ಇಷ್ಟು ದಿನ ಅಂತ ಜಮೀನ್ದಾರನ ಹೊಲದಲ್ಲಿ ಬಿಟ್ಟಿ ದುಡಿಯಬೇಕಿತ್ತು. ಪೋಲೆಂಡನ್ನು ಆಗ ಆಸ್ಟ್ರಿಯಾ, ರಷ್ಯಾ, ಪ್ರಶ್ಯಾ ಮೂರೂ ಹಂಚಿಕೊಂಡಿದ್ದವು. ಆಸ್ಟ್ರಿಯಾದ ಪಾಲಿನಲ್ಲಿ ಈ ಬಿಟ್ಟಿ ದುಡಿಮೆ ನಿಂತದ್ದು 1848ರಲ್ಲಿ. ರಷ್ಯಾದ ಪಾಲಿನಲ್ಲಿ ರೈತನಿಗೆ ಜಮೀನು ಸಿಕ್ಕಿದ್ದು 1864ರಲ್ಲಿ. ಕೈಗೆ ನಾಲ್ಕು ಕಾಸು ಬಂತು. ಕ್ರಾಕೋವ್ ಪೇಟೆಗೆ ತರಕಾರಿ, ಹಾಲು ಮಾರಿದವರ ಕೈಗೆ ಇನ್ನೂ ಸ್ವಲ್ಪ ಹೆಚ್ಚು ಬಂತು. ಅದೇ ಹೊತ್ತಿಗೆ ಕಾರ್ಖಾನೆ ಬಟ್ಟೆ ಅಗ್ಗವಾಯಿತು, ರೈಲು ಬಂತು.

ಆಗ ಹಳ್ಳಿಯ ಹೆಣ್ಣುಮಗಳು ಏನು ಮಾಡಿದಳು? ಮಖಮಲ್ಲು ಕೊಂಡಳು. ಮಣಿ ಕೊಂಡಳು. ರಾತ್ರಿ ದೀಪದ ಬುಡದಲ್ಲಿ ಕೂತು ತನಗೆ ಬೇಕಾದ ಹೂವು ಹೊಲಿದಳು. ಅಜ್ಜಿಯ ಕಾಲದಲ್ಲಿ ಜಮೀನ್ದಾರನ ಹೆಂಡತಿಯ ಮೈಮೇಲೆ ಮಾತ್ರ ಕಂಡದ್ದನ್ನು ಮೊಮ್ಮಗಳು ತಾನು ತೊಟ್ಟಳು. ಒಳ್ಳೆಯ ಹವಳದ ಸರಕ್ಕೆ ಒಂದು ಹಸುವಿನ ಬೆಲೆ. ಆದರೂ ಕೊಂಡಳು, ಮಗಳಿಗೆ ಬಳುವಳಿ ಕೊಟ್ಟಳು. ನಮ್ಮಮ್ಮಂದಿರು ಹೊಟ್ಟೆ ಬಟ್ಟೆ ಕಟ್ಟಿ ಒಂದು ಎಳೆ ಸರ ಮಾಡಿಸಿಟ್ಟ ಹಾಗೆ. ಕೊರಳಲ್ಲಿದ್ದರೆ ಒಡವೆ, ಕಷ್ಟಕ್ಕೆ ಬಂದರೆ ಬ್ಯಾಂಕು.

ಇದರಲ್ಲಿ ಸುಳ್ಳೇನಿದೆ, ಕಡಿಮೆಯೇನಿದೆ? ನನ್ನ ಕಣ್ಣಿಗೆ ಇದು ಸಾವಿರ ವರ್ಷದ ಕತೆಗಿಂತ ದೊಡ್ಡದು. ಬಿಟ್ಟಿ ದುಡಿದವರ ಮಕ್ಕಳು ಮೊದಲ ಸಲ ತಮ್ಮ ದುಡ್ಡಲ್ಲಿ ತಮಗೆ ಬೇಕಾದ್ದನ್ನು ತೊಟ್ಟ ಕತೆ ಇದು. ಯಾವ ಮಣಿ, ಎಲ್ಲಿ, ಎಷ್ಟು ಅಂತ ಅವರೇ ತೀರ್ಮಾನ ಮಾಡಿದರು. ಫ್ಯಾಷನ್ ಅನ್ನೋದು ಪೇಟೆಯವರಿಗೆ ಮಾತ್ರ ಬರೆದು ಕೊಟ್ಟಿದ್ದೇನಲ್ಲ. "ಬದಲಾಗದ ಪರಂಪರೆ" ಅಂದ ಕೂಡಲೇ ಆ ಹೆಣ್ಣುಮಗಳ ತಲೆ, ಕೈ, ಆಸೆ ಎಲ್ಲ ಅಳಿಸಿಹೋಗುತ್ತದೆ. ಉಡುಪು ಮರದಲ್ಲಿ ಹಣ್ಣು ಬಿಟ್ಟ ಹಾಗೆ ತಾನೇ ಬಿಟ್ಟಿತು ಅನ್ನೋ ಥರ.

ಇನ್ನೊಂದು ಮಾತು. ಇದು ಹಬ್ಬದ ಬಟ್ಟೆ. ಭಾನುವಾರ ಚರ್ಚಿಗೆ, ಮದುವೆಗೆ, ಜಾತ್ರೆಗೆ. ವಾರದ ಉಳಿದ ದಿನ ಮೈಮೇಲಿದ್ದದ್ದು ಒರಟು ನಾರುಬಟ್ಟೆ, ಅದಕ್ಕೊಂದು ತೇಪೆ, ತೇಪೆಗೊಂದು ತೇಪೆ. ಆ ಬಟ್ಟೆ ಹರಿದು ಒರೆಸುವ ಅರಿವೆಯಾಗಿ ಮಣ್ಣಾಯಿತು. ಪೆಟ್ಟಿಗೆಯಲ್ಲಿ ಮಡಚಿಟ್ಟ ಹಬ್ಬದ ಬಟ್ಟೆ ಉಳಿಯಿತು, ಮ್ಯೂಸಿಯಂ ಸೇರಿತು. ಕ್ರಾಕೋವಿನಲ್ಲಿ 1911ರಲ್ಲಿ ಶುರುವಾದ ಒಂದು ಜನಪದ ಮ್ಯೂಸಿಯಂ ಇದೆ, ಸೆವೆರಿನ್ ಉಜೇಲಾ ಅನ್ನೋ ಮೇಷ್ಟ್ರು ಕಟ್ಟಿದ್ದು. ಆತ ದೊಡ್ಡ ಕೆಲಸ ಮಾಡಿದ. ಆದರೆ ಯಾವ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯನ್ನೇ ನೋಡಿ, ಹಳ್ಳಿಯವರು ವರ್ಷಪೂರ್ತಿ ಮದುವೆ ಮನೆಯಲ್ಲೇ ಇದ್ದರು ಅನ್ನಿಸುತ್ತದೆ. ಮುಂದಿನ ನೂರು ವರ್ಷಕ್ಕೆ ನಮ್ಮ ಬದುಕನ್ನು ನಮ್ಮ ಮದುವೆ ಆಲ್ಬಂ ನೋಡಿ ಯಾರಾದರೂ ಬರೆದರೆ ಹೇಗಿರುತ್ತೆ, ಯೋಚನೆ ಮಾಡಿ.

ಈಗ ಮರ್ಯಾದೆಯ ಮಾತು. ನನಗೆ ಸಿಟ್ಟು ಬರಿಸುವುದು ಇದೇ.

1794. ಪೋಲೆಂಡನ್ನು ನುಂಗುತ್ತಿದ್ದ ರಷ್ಯಾದ ವಿರುದ್ಧ ತಾದೆಉಶ್ ಕೊಶ್ಚುಶ್ಕೊ ಅನ್ನೋ ಸೇನಾನಿ ಕ್ರಾಕೋವಿನ ಪೇಟೆ ಬಯಲಿನಲ್ಲಿ ಮಾರ್ಚ್ 24ರಂದು ಪ್ರತಿಜ್ಞೆ ಮಾಡಿ ದಂಗೆ ಎದ್ದ. ಸೈನಿಕರು ಸಾಲಲಿಲ್ಲ. ಹಳ್ಳಿಯವರನ್ನು ಕರೆದ. ಅವರ ಬಳಿ ಬಂದೂಕು ಎಲ್ಲಿತ್ತು? ಹುಲ್ಲು ಕೊಯ್ಯುವ ಉದ್ದ ಹಿಡಿಯ ಕುಡುಗೋಲನ್ನೇ ನೆಟ್ಟಗೆ ಕಟ್ಟಿ ಈಟಿ ಮಾಡಿಕೊಂಡು ಬಂದರು. ಏಪ್ರಿಲ್ 4ರಂದು ರಾತ್ಸ್ವಾವಿತ್ಸೆ ಅನ್ನೋ ಹಳ್ಳಿಯ ಬಳಿ ಕಾಳಗ. ಈ ಕುಡುಗೋಲಿನವರು ಓಡಿಹೋಗಿ ರಷ್ಯನ್ನರ ಫಿರಂಗಿಗಳನ್ನೇ ಹಿಡಿದುಬಿಟ್ಟರು. ಬಾರ್ತೋಶ್ ಅನ್ನೋ ಒಬ್ಬ ಬಿಟ್ಟಿ ಆಳು, ಉರಿಯುತ್ತಿದ್ದ ಫಿರಂಗಿ ಬತ್ತಿಯನ್ನು ತನ್ನ ಟೋಪಿಯಿಂದ ಮುಚ್ಚಿ ಆರಿಸಿದ ಅನ್ನುವುದು ಅಲ್ಲಿ ಮಕ್ಕಳಿಗೂ ಗೊತ್ತಿರುವ ಕತೆ.

ಗೆದ್ದ ಖುಷಿಗೆ ಕೊಶ್ಚುಶ್ಕೊ ತಾನೇ ರೈತರ ಉಣ್ಣೆ ನಿಲುವಂಗಿ ತೊಟ್ಟ. ಅಂದಿನಿಂದ ಕ್ರಾಕೋವ್ ರೈತನ ಉಡುಪು ಇಡೀ ದೇಶದ ಉಡುಪಾಯಿತು. ವಿಚಿತ್ರ ಏನೆಂದರೆ, ಅದಕ್ಕೂ ಒಂದು ತಿಂಗಳು ಮೊದಲೇ, ಮಾರ್ಚ್ 1ರಂದು, ವಾರ್ಸಾ ಪೇಟೆಯ ನಾಟಕ ಮಂದಿರದಲ್ಲಿ ಬೊಗುಸ್ವಾವ್‌ಸ್ಕಿಯ ಸಂಗೀತ ನಾಟಕದಲ್ಲಿ ನಟರು ಕ್ರಾಕೋವ್ ಹಳ್ಳಿಯವರಾಗಿ ರಂಗ ಹತ್ತಿದ್ದರು. ವೇದಿಕೆಯ ರೈತ ಮೊದಲು ಬಂದ, ರಣರಂಗದ ರೈತ ಆಮೇಲೆ.

ಬಾರ್ತೋಶನಿಗೆ ಬಿಡುಗಡೆ ಸಿಕ್ಕಿತು, ಹೊಸ ಅಡ್ಡಹೆಸರು ಸಿಕ್ಕಿತು, ಸೈನ್ಯದಲ್ಲಿ ಹುದ್ದೆ ಸಿಕ್ಕಿತು. ಅದೇ ವರ್ಷ ಮುಂದಿನ ಕಾಳಗದಲ್ಲಿ ಪೆಟ್ಟು ತಿಂದು ಸತ್ತ. ಮಿಕ್ಕವರು? ಬಿಟ್ಟಿ ದುಡಿಮೆ ಕಡಿಮೆ ಮಾಡುತ್ತೇನೆ ಅಂತ ಕೊಶ್ಚುಶ್ಕೊ ಮೇ 7ರಂದು ಆಜ್ಞೆ ಹೊರಡಿಸಿದ್ದು ನಿಜ. ಜಮೀನ್ದಾರರಲ್ಲಿ ಬಹಳ ಜನ ಕಿವಿಗೆ ಹಾಕಿಕೊಳ್ಳಲಿಲ್ಲ. ದಂಗೆ ಸೋತಿತು. ರಾತ್ಸ್ವಾವಿತ್ಸೆ ಸುತ್ತಲಿನ ರೈತರಿಗೆ ಅವರು ಉಳುತ್ತಿದ್ದ ನೆಲ ಕೊನೆಗೂ ಅವರದಾಗಿದ್ದು 1864ರಲ್ಲಿ. ಎಪ್ಪತ್ತು ವರ್ಷ ಬೇಕಾಯಿತು. ಅದೂ ಯಾರಿಂದ? ಯಾರ ವಿರುದ್ಧ ಕುಡುಗೋಲು ಹಿಡಿದಿದ್ದರೋ ಅದೇ ರಷ್ಯಾದ ಜಾರ್ ದೊರೆಯಿಂದ. ತಮ್ಮ ದೇಶದ ಜಮೀನ್ದಾರರು ಉಡುಪನ್ನು ಹೊಗಳಿದರು, ಹೊಲವನ್ನು ಬಿಡಲಿಲ್ಲ.

ನೂರು ವರ್ಷ ತುಂಬಿದಾಗ, 1894ರಲ್ಲಿ, ಆ ಕಾಳಗದ ಒಂದು ಚಿತ್ರ ಬರೆಸಿದರು. ಸುಮಾರು 114 ಮೀಟರ್ ಉದ್ದ, 15 ಮೀಟರ್ ಎತ್ತರ. ಈಗ ವ್ರೊತ್ಸ್ವಾವ್ ಊರಿನಲ್ಲಿದೆ. ಅದೇ ಕಾಲಕ್ಕೆ ಕ್ರಾಕೋವ್ ಇದ್ದ ಗಲೀಷಿಯಾ ಪ್ರಾಂತ್ಯ ಯುರೋಪಿನ ಕಡುಬಡ ಸೀಮೆಗಳಲ್ಲಿ ಒಂದು. 1888ರಲ್ಲಿ ಶ್ಚೆಪಾನೋವ್‌ಸ್ಕಿ ಅನ್ನುವವರು ಅಲ್ಲಿನ ದಾರಿದ್ರ್ಯದ ಲೆಕ್ಕವನ್ನೇ ಒಂದು ಪುಸ್ತಕ ಮಾಡಿದ್ದರು. ಜನ ಹಡಗು ಹತ್ತಿ ಅಮೆರಿಕಕ್ಕೆ ಗುಳೆ ಹೋಗುತ್ತಿದ್ದರು. ನವಿಲುಗರಿ ಟೋಪಿಯ ಚಿತ್ರ 114 ಮೀಟರ್, ಅದನ್ನು ಹಾಕುವವನ ಹೊಲ ಒಂದು ಗೇಣು.

ಆಮೇಲೆ ಇನ್ನೊಂದು ಹುಚ್ಚು ಹಿಡಿಯಿತು. ಕ್ರಾಕೋವಿನ ಕವಿಗಳು, ಚಿತ್ರಕಾರರಿಗೆ ಹಳ್ಳಿಯ ಮೇಲೆ ಪ್ರೀತಿ ಉಕ್ಕಿತು. ಅದಕ್ಕೆ ಅಲ್ಲಿನವರೇ 'ರೈತರ ಹುಚ್ಚು' ಅನ್ನೋ ಅರ್ಥದ ಹೆಸರಿಟ್ಟು ನಕ್ಕರು. ತೆತ್ಮಾಯೆರ್ ಅನ್ನೋ ಚಿತ್ರಕಾರ 1890ರಲ್ಲಿ ಬ್ರೊನೊವಿತ್ಸೆ ಹಳ್ಳಿಯ ರೈತನ ಮಗಳನ್ನು ಮದುವೆಯಾಗಿ ಅಲ್ಲೇ ನೆಲೆಸಿದ. ಹತ್ತು ವರ್ಷದ ಮೇಲೆ, 1900ರ ನವೆಂಬರಿನಲ್ಲಿ, ಕವಿ ರಿಡೆಲ್ ಅವಳ ತಂಗಿಯನ್ನು ಮದುವೆಯಾದ. ಪೇಟೆಯ ಬರಹಗಾರರೂ ಹಳ್ಳಿಯ ಬೀಗರೂ ಒಂದೇ ಚಪ್ಪರದಡಿ. ಆ ಮದುವೆಗೆ ಬಂದಿದ್ದ ವಿಸ್ಪಿಯಾನ್‌ಸ್ಕಿ ಅನ್ನೋ ನಾಟಕಕಾರ ನಾಲ್ಕು ತಿಂಗಳಲ್ಲಿ ಅದನ್ನೇ ನಾಟಕ ಮಾಡಿ ಕ್ರಾಕೋವಿನ ರಂಗಕ್ಕೆ ತಂದ. ಹೆಸರು 'ಮದುವೆ'. 1901ರ ಮಾರ್ಚ್ 16ರಂದು ಮೊದಲ ಆಟ. ನೆಂಟರ ಮುಖಕ್ಕೆ ಕನ್ನಡಿ ಹಿಡಿದ ಹಾಗಾಯಿತು.

ಆ ನಾಟಕದ ಮದುಮಗ ತಿಂಗಳಿಂದ ಬರಿಗಾಲಲ್ಲಿ ಓಡಾಡುತ್ತಿದ್ದೇನೆ, ಆರೋಗ್ಯಕ್ಕೆ ಎಷ್ಟು ಒಳ್ಳೆಯದು ಅಂತ ಕೊಚ್ಚಿಕೊಳ್ಳುತ್ತಾನೆ. ಮದುಮಗಳಿಗೆ ಬೂಟು ಬಿಗಿಯಾಗಿ ಕಾಲು ನೋಯುತ್ತಿದೆ. ಬಿಚ್ಚಿ ಕುಣಿ ಅನ್ನುತ್ತಾನೆ. ಅವಳು ಸುತರಾಂ ಒಪ್ಪುವುದಿಲ್ಲ.

ಯಾಕೆ ಒಪ್ಪಬೇಕು? ಆ ಹಳ್ಳಿಗಳಲ್ಲಿ ಜನ ಚರ್ಚಿಗೆ ಹೋಗುವಾಗ ಬೂಟನ್ನು ಹೆಗಲಿಗೆ ಹಾಕಿಕೊಂಡು ಬರಿಗಾಲಲ್ಲಿ ನಡೆದು, ಚರ್ಚಿನ ಬಾಗಿಲಲ್ಲಿ ಕಾಲು ಒರೆಸಿ ಮೆಟ್ಟಿಕೊಳ್ಳುತ್ತಿದ್ದರು. ಸವೆಯಬಾರದು ಅಂತ. ನಮ್ಮ ಮುತ್ತಜ್ಜಂದಿರು ಹೊಸ ಮೆಟ್ಟನ್ನು ಕೈಯಲ್ಲಿ ಹಿಡಿದು ಸಂತೆಗೆ ಹೋದ ಕತೆ ನಿಮ್ಮ ಮನೆಯಲ್ಲೂ ಇದ್ದೀತು. ಚಳಿಗಾಲದಲ್ಲಿ ಬೂಟಿಲ್ಲದೆ ಶಾಲೆ ತಪ್ಪಿಸಿಕೊಂಡ ಮಕ್ಕಳು ಅಲ್ಲಿ ಮುಂದೆ 1930ರ ದಶಕದಲ್ಲೂ ಇದ್ದರು. ಒಬ್ಬನಿಗೆ ಬರಿಗಾಲು ಹವ್ಯಾಸ, ಇನ್ನೊಬ್ಬಳಿಗೆ ಹಣೆಬರಹ. ಬೂಟು ಸಿಕ್ಕಿದ ದಿನ ಅದನ್ನು ಬಿಚ್ಚು ಅನ್ನುವವನು ಎಷ್ಟು ಪ್ರೀತಿಯಿಂದ ಹೇಳಿದರೂ ಅದು ಪ್ರೀತಿ ಅಲ್ಲ.

ಆ ನಾಟಕದ ಕೊನೆಯನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ದೇಶ ಬಿಡಿಸುವ ಹೋರಾಟಕ್ಕೆ ಜನರನ್ನು ಎಬ್ಬಿಸಲು ಒಂದು ಬಂಗಾರದ ಕೊಂಬು ಬಂದಿರುತ್ತದೆ. ಅದನ್ನು ಊದಿದರೆ ಎಲ್ಲರೂ ಏಳುತ್ತಾರೆ. ಮನೆಯ ಯಜಮಾನ, ಅಂದರೆ ಪೇಟೆಯಿಂದ ಬಂದ ಚಿತ್ರಕಾರ, ಅದನ್ನು ಯಾಶೆಕ್ ಅನ್ನೋ ಹಳ್ಳಿ ಹುಡುಗನ ಕೈಗೆ ಕೊಟ್ಟು ಕಳಿಸುತ್ತಾನೆ. ದಾರಿಯಲ್ಲಿ ಹುಡುಗನ ಟೋಪಿ ಬೀಳುತ್ತದೆ. ಬಗ್ಗಿ ಎತ್ತಿಕೊಳ್ಳುತ್ತಾನೆ. ನವಿಲುಗರಿಯ ಅದೇ ಟೋಪಿ. ಆ ಗಡಿಬಿಡಿಯಲ್ಲಿ ಕೊಂಬು ಕಳೆದುಹೋಗುತ್ತದೆ, ಕೈಯಲ್ಲಿ ದಾರ ಮಾತ್ರ. ಕೊನೆಗೆ ಎಲ್ಲರೂ ಮಂಕು ಬಡಿದವರಂತೆ ಸುತ್ತು ಸುತ್ತು ಕುಣಿಯುತ್ತಾರೆ.

ಪೋಲೆಂಡಿನಲ್ಲಿ ಇದನ್ನು ಓದಿದವರು, ನೋಡಿ, ಹಳ್ಳಿ ಹುಡುಗ ಟೋಪಿಯ ಆಸೆಗೆ ದೇಶವನ್ನೇ ಕಳೆದ ಅಂತ ಹೇಳುವುದುಂಟು. ನಾನು ಒಪ್ಪುವುದಿಲ್ಲ. ಆ ಟೋಪಿಯೇ ನಿನ್ನ ಮರ್ಯಾದೆ, ಆ ಗರಿಯೇ ನಿನ್ನ ಗುರುತು ಅಂತ ನೂರು ವರ್ಷ ಹೇಳಿಕೊಟ್ಟವರು ಯಾರು? ಹೊಗಳಿದ್ದೆಲ್ಲ ಟೋಪಿಯನ್ನೇ. ಅವನು ಅದಕ್ಕೇ ಬಗ್ಗಿದ. ಕನ್ನಡದಲ್ಲಿ ಟೋಪಿ ಹಾಕುವುದು ಅಂದರೆ ಏನರ್ಥ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಟೋಪಿ, ಚಮಕಿ ಇಲ್ಲದ ಒಬ್ಬ ರೈತನ ಕತೆ ಕೇಳಿ. ವಿನ್ಸೆಂತಿ ವಿತೊಸ್. ತಾರ್ನೂಫ್ ಹತ್ತಿರದ ಹಳ್ಳಿಯ ಬಡ ರೈತನ ಮಗ, 1874ರಲ್ಲಿ ಹುಟ್ಟಿದವ, ಓದಿದ್ದು ಹಳ್ಳಿ ಶಾಲೆ ಮಾತ್ರ. ರೈತರ ಪಕ್ಷ ಕಟ್ಟಿ ಬೆಳೆದ. ಪೋಲೆಂಡ್ 1918ರಲ್ಲಿ ಮತ್ತೆ ಸ್ವತಂತ್ರವಾದ ಮೇಲೆ ಮೂರು ಸಲ ಪ್ರಧಾನಿಯಾದ. 1920ರಲ್ಲಿ ಸೋವಿಯತ್ ಸೈನ್ಯ ವಾರ್ಸಾ ಬಾಗಿಲಿಗೆ ಬಂದಾಗ ಪ್ರಧಾನಿ ಕುರ್ಚಿಯಲ್ಲಿ ಇದ್ದದ್ದು ಅವನೇ. ಪಾರ್ಲಿಮೆಂಟಿಗೆ ಹೋದಾಗಲೂ ಉದ್ದ ಬೂಟು, ಕೋಟು, ಟೈ ಇಲ್ಲದ ಅಂಗಿ. ಹಳ್ಳಿಯಲ್ಲಿ ಸಭೆಗೆ ಹೋಗುವವರು ಹಾಕುವ ಬಟ್ಟೆಯೇ. ಅದನ್ನು ಬಿಡಲಿಲ್ಲ.

ಇದು ನಿಜವಾದ ರೈತನ ಉಡುಪು ತಾನೇ? ಕ್ರಾಕೋವ್ ಉಡುಪು ಕಂಡರೆ ಕಣ್ಣೀರು ಹಾಕುತ್ತಿದ್ದ ಪೇಟೆ ಜನ ಇದನ್ನು ಕಂಡು ಏನಂದರು? ಟೈ ಕಟ್ಟಲು ಬಾರದವನು ಅಂತ ಆಡಿಕೊಂಡರು. ವ್ಯಂಗ್ಯಚಿತ್ರ ಬರೆದರು. 1926ರಲ್ಲಿ ಪಿಲ್ಸುದ್‌ಸ್ಕಿ ಸೈನ್ಯ ತಂದು ಅವನ ಸರ್ಕಾರ ಇಳಿಸಿದ. 1930ರಲ್ಲಿ ಬ್ರೆಸ್ತ್ ಕೋಟೆಯ ಜೈಲಿಗೆ ಹಾಕಿದರು. ಕೊನೆಗೆ ದೇಶ ಬಿಟ್ಟು ಹೋಗಬೇಕಾಯಿತು. 1937ರ ಆಗಸ್ಟಿನಲ್ಲಿ ರೈತರು ಹತ್ತು ದಿನ ಮುಷ್ಕರ ಹೂಡಿದರು. ಪೇಟೆಗೆ ಹಾಲು, ಕಾಳು ಕಳಿಸಲಿಲ್ಲ. ಬೇಡಿಕೆಗಳಲ್ಲಿ ವಿತೊಸನನ್ನು ವಾಪಸ್ ಕರೆಸಿ ಅನ್ನುವುದೂ ಒಂದು. ಮುಷ್ಕರದ ಕಾವು ಹೆಚ್ಚಿದ್ದದ್ದು ಈ ದಕ್ಷಿಣದ ಸೀಮೆಯಲ್ಲೇ. ಪೊಲೀಸರ ಗುಂಡಿಗೆ 44 ರೈತರು ಸತ್ತರು.

ಸುಗ್ಗಿ ಹಬ್ಬದಲ್ಲಿ ಅಧ್ಯಕ್ಷರಿಗೆ ತೆನೆಯ ಹಾರ ಕೊಡುವಾಗ ರೈತ ಚಂದ. ತೆನೆಯ ಬೆಲೆ ಕೇಳಿದಾಗ ಗುಂಡು.

ಯುದ್ಧ ಮುಗಿದು ಕಮ್ಯುನಿಸ್ಟ್ ಸರ್ಕಾರ ಬಂತು. ಇವರ ಬಾಯಲ್ಲಿ ರೈತ, ಕಾರ್ಮಿಕ ಬಿಟ್ಟರೆ ಬೇರೆ ಮಾತಿಲ್ಲ. 1948ರಲ್ಲಿ 'ಮಾಜೋವ್ಶೆ' ಅನ್ನೋ ಸರ್ಕಾರಿ ಹಾಡು ಕುಣಿತದ ತಂಡ ಕಟ್ಟಿದರು. ಎಲ್ಲ ಸೀಮೆಗಳ ಉಡುಪು ತೊಟ್ಟು ಲೋಕವೆಲ್ಲ ಸುತ್ತಿ ಬಂತು. 1949ರಲ್ಲಿ ಹಳ್ಳಿಯ ಕೈಕಸುಬು ಕೊಂಡು ಮಾರಲು 'ತ್ಸೆಪೆಲಿಯಾ' ಅನ್ನೋ ಸಂಸ್ಥೆ ಬಂತು. ಅದೇ 1949ರಲ್ಲಿ ಇನ್ನೊಂದು ಕೆಲಸವೂ ಶುರುವಾಯಿತು. ಕ್ರಾಕೋವ್ ಪಕ್ಕದಲ್ಲೇ ಲೆನಿನ್ ಹೆಸರಿನ ಉಕ್ಕಿನ ಕಾರ್ಖಾನೆ ಮತ್ತು ಅದರ ಕಾರ್ಮಿಕರಿಗೆ ಒಂದು ಹೊಸ ಊರು, ನೋವಾ ಹುತಾ. ಜಾಗ ಎಲ್ಲಿ? ಮೊಗಿವಾ, ಪ್ಲೆಷೂಫ್, ಬ್ಯೆಂಚಿತ್ಸೆ ಹಳ್ಳಿಗಳ ಹೊಲದಲ್ಲಿ. ಆ ಸೀಮೆಯಲ್ಲೇ ಹೆಸರಾದ ಫಲವತ್ತಾದ ನೆಲ. ಹಬ್ಬದ ದಿನ ಹವಳ, ಮಖಮಲ್ಲಿನಲ್ಲಿ ಮೆರೆಯುತ್ತಿದ್ದ ಅದೇ ಕ್ರಾಕೋವ್ಯಾಕರ ಹಳ್ಳಿಗಳು.

ಹೊಲ ಹೋಯಿತು. ಪರಿಹಾರ ಅಂತ ಕೊಟ್ಟದ್ದು ನೆಲದ ಬೆಲೆಗೆ ಸಮನಾಗಿರಲಿಲ್ಲ. ಬೆಳೆ ನಿಂತಿರುವಾಗಲೇ ಕೆಲಸ ಶುರುವಾಯಿತು. ಒಂದೇ ಸರ್ಕಾರ, ಒಂದೇ ವರ್ಷ: ಒಂದು ಕೈಯಲ್ಲಿ ರೈತನ ಉಡುಪು ಎತ್ತಿ ಹಿಡಿಯಿತು, ಇನ್ನೊಂದು ಕೈಯಲ್ಲಿ ಅವನ ಹೊಲ ಎತ್ತಿಕೊಂಡಿತು. ಕೈಗಾರಿಕಾ ಪ್ರದೇಶಕ್ಕೆ ಅಂತ ಹೊಲ ಕೊಟ್ಟವರು ಈ ಬರಹ ಓದುತ್ತಿದ್ದರೆ ಇದಕ್ಕಿಂತ ಹೆಚ್ಚು ವಿವರಣೆ ಬೇಡ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ನ್ಯಾಯವಾದದ್ದೇ. "ಆ ತಂಡ, ಆ ಸಂಸ್ಥೆ ಇಲ್ಲದಿದ್ದರೆ ಉಡುಪೇ ಉಳಿಯುತ್ತಿರಲಿಲ್ಲ ಕಣ್ರಿ. ಹಳ್ಳಿಯವರೇ ಬಿಟ್ಟುಬಿಟ್ಟಿದ್ದರು." ಹೌದು. ಹೊಲಿಯುವ ಕೈಗಳಿಗೆ ತ್ಸೆಪೆಲಿಯಾ ಕೂಲಿ ಕೊಟ್ಟಿತು. ಎಷ್ಟೋ ಹೆಂಗಸರಿಗೆ ಗಂಡನನ್ನು ಕೇಳದೆ ಖರ್ಚು ಮಾಡಬಹುದಾದ ದುಡ್ಡು ಸಿಕ್ಕಿದ್ದು ಇಂಥ ಕೆಲಸದಿಂದ. ಮಾಜೋವ್ಶೆಯವರ ಕುಣಿತ ನೋಡಿ ನಾನೂ ಬೆರಗಾಗಿದ್ದೇನೆ. ಇದನ್ನೆಲ್ಲ ಅಲ್ಲ ಅನ್ನುವಷ್ಟು ಮೊಂಡ ನಾನಲ್ಲ.

ಆದರೆ ಹಳ್ಳಿಯವರು ಬಿಟ್ಟರು ಅನ್ನುವಾಗ, ಯಾಕೆ ಬಿಟ್ಟರು ಅಂತಲೂ ಕೇಳಬೇಕು. ಇವತ್ತಿಗೂ ಪೋಲಿಷ್ ಭಾಷೆಯಲ್ಲಿ ಒಬ್ಬನನ್ನು ಬೈಯಬೇಕೆಂದರೆ 'ವ್ಯೆಶ್ನ್ಯಾಕ್' ಅನ್ನುತ್ತಾರೆ. ಅದರ ಅರ್ಥ ಬರೀ 'ಹಳ್ಳಿಯವನು'. ಬೂಟಿನಿಂದ ಹುಲ್ಲು ಇಣುಕುತ್ತಿದೆ ಅಂತ ಇನ್ನೊಂದು ಮಾತಿದೆ. ಎಷ್ಟು ಸೂಟು ಹಾಕಿದರೂ ನೀನು ಹಳ್ಳಿಯವನೇ ಅನ್ನುವ ಚುಚ್ಚು ಅದು. ನಾವು ಡಿಗ್ರಿಗೆ ಅಂತ ಸಿಟಿಗೆ ಹೋದ ಮೊದಲ ವಾರ ನಮ್ಮ ಕಿವಿಗೆ ಬಿದ್ದ 'ಹಳ್ಳಿ ಗುಗ್ಗು' ಇದರ ಅಣ್ಣನೋ ತಮ್ಮನೋ ಇರಬೇಕು. ಇಂಥ ಮಾತು ಕೇಳಿದ ಹುಡುಗಿ ಕಾರ್ಖಾನೆ ಕೆಲಸಕ್ಕೆ ಹೋಗುವಾಗ ಅಜ್ಜಿಯ ಜಾಕೀಟು ಹಾಕಿಕೊಂಡು ಹೋಗುತ್ತಾಳಾ? ಪೆಟ್ಟಿಗೆಯ ತಳಕ್ಕೆ ತಳ್ಳುತ್ತಾಳೆ. ಅವಮಾನ ಮಾಡಿ ಬಿಡಿಸಿದವರು, ಆಮೇಲೆ "ಅಯ್ಯೋ, ಪರಂಪರೆ ಬಿಟ್ಟುಬಿಟ್ಟರು" ಅಂತ ಮರುಗುವುದು ನಾಟಕ.

ಕೆಲವು ವರ್ಷಗಳಿಂದ ಅಲ್ಲಿ ಗಾಳಿ ಸ್ವಲ್ಪ ತಿರುಗಿದೆ. 2020ರಲ್ಲಿ ಆದಾಮ್ ಲೆಶ್ಚಿನ್‌ಸ್ಕಿ ಪೋಲೆಂಡಿನ ಚರಿತ್ರೆಯನ್ನು ದುಡಿಯುವವರ ಕಡೆಯಿಂದ ಬರೆದರು. 2023ರಲ್ಲಿ ಯೊವಾನ್ನಾ ಕುಚೆಲ್-ಫ್ರಿದ್ರಿಶಾಕ್ ಅನ್ನೋ ಲೇಖಕಿ ರೈತ ಹೆಂಗಸರ ಬಗ್ಗೆ, ತಮ್ಮೆಲ್ಲರ ಅಜ್ಜಿಯರ ಬಗ್ಗೆ ಪುಸ್ತಕ ತಂದರು. ಜನ ಮುಗಿಬಿದ್ದು ಓದಿದರು. ನಮ್ಮ ವಂಶ ಯಾವ ಜಮೀನ್ದಾರರದು ಅಂತ ಹುಡುಕುತ್ತಿದ್ದ ಮಕ್ಕಳು, ನಮ್ಮಜ್ಜಿ ಯಾರ ಮನೆಯಲ್ಲಿ ಚಾಕರಿ ಮಾಡಿದಳು ಅಂತ ಕೇಳತೊಡಗಿದ್ದಾರೆ. ಒಳ್ಳೆಯದೇ ಆಯಿತು.

ಆದರೆ ಪೇಟೆಯಲ್ಲಿ ಮಾರಾಟಕ್ಕಿರುವುದು ಏನು? ಕ್ರಾಕೋವಿನ ನಟ್ಟನಡುವೆ ಶತಮಾನಗಳ ಹಳೆಯ ಜವಳಿ ಮಾರುಕಟ್ಟೆ ಕಟ್ಟಡ ಇದೆ. ಈಗ ಅಲ್ಲಿ ಪ್ರವಾಸಿಗರಿಗೆ ನೆನಪಿನ ಸಾಮಾನು. ಕ್ರಾಕೋವ್ ಉಡುಪಿನ ಬೊಂಬೆ, ಫ್ರಿಜ್ಜಿಗೆ ಅಂಟಿಸುವ ಬಿಲ್ಲೆ. ಶಾಲೆಯ ಕಾರ್ಯಕ್ರಮಕ್ಕೆ ಅಂತ ಅಂಗಡಿಗಳಲ್ಲಿ, ಆನ್‌ಲೈನಿನಲ್ಲಿ ಸಿಗುವ ಮಕ್ಕಳ ಜಾಕೀಟು ಪಾಲಿಯೆಸ್ಟರಿನದು, ಚಮಕಿ ಮಿಷನ್ ಹೊಲಿಗೆ, ಹವಳ ಪ್ಲಾಸ್ಟಿಕ್ಕು. ಮಕ್ಕಳಿಗೆ ಒಂದು ದಿನದ ಸಂಭ್ರಮಕ್ಕೆ ಅದು ಸಾಕು, ಬಡವರ ಮನೆಗೆ ಅಷ್ಟೇ ಎಟುಕುವುದು. ಅದಕ್ಕೆ ನಾನು ಮೂಗು ಮುರಿಯುವುದಿಲ್ಲ. ಹಿಂದೆಯೂ ಕೈಲಾಗದವರು ಹವಳದ ಬದಲು ಗಾಜಿನ ಮಣಿ ಹಾಕುತ್ತಿದ್ದರು.

ಮೂಗು ಮುರಿಯುವುದು ಅದರ ಮೇಲೆ "ಅಪ್ಪಟ, ಪಾರಂಪರಿಕ" ಅಂತ ಚೀಟಿ ಅಂಟಿಸುವವರಿಗೆ. ಒಂದು ಜಾಕೀಟನ್ನು ಕೈಯಲ್ಲಿ ಮಣಿ ಕೋದು ಮುಗಿಸಲು ವಾರಗಟ್ಟಲೆ ಕೂರಬೇಕು. ಕಣ್ಣು ಸವೆಯುತ್ತದೆ, ಬೆರಳಿಗೆ ಸೂಜಿ ಚುಚ್ಚುತ್ತದೆ. ಹಾಗೆ ಹೊಲಿಯುವ ಹೆಂಗಸರು ಈಗಲೂ ಇದ್ದಾರೆ. ಅಚ್ಚು ಹಾಕಿದ ಮಾಲಿಗೂ ಇವರ ಮಾಲಿಗೂ ಒಂದೇ ಹೆಸರಿಟ್ಟ ಮೇಲೆ ಗಿರಾಕಿ ಬೆಲೆ ನೋಡಿ ಯಾವುದನ್ನು ಎತ್ತಿಕೊಳ್ಳುತ್ತಾನೆ? ಇದನ್ನು ಇಳಕಲ್ಲಿನ ಮಗ್ಗದವರನ್ನು ಕೇಳಿ. ಪವರ್‌ಲೂಮಿನ ಸೀರೆಗೆ ತಮ್ಮೂರ ಹೆಸರು ಹಾಕಿ ಮಾರಿದಾಗ ಹೊಟ್ಟೆ ಹೇಗೆ ಉರಿಯುತ್ತದೆ ಅಂತ ನನಗಿಂತ ಚೆನ್ನಾಗಿ ಹೇಳುತ್ತಾರೆ.

ಹಾಗಾದರೆ ಏನು ಮಾಡಬೇಕು ಅನ್ನುತ್ತೀರಾ. ನಾನು ಮಂತ್ರಿಯಲ್ಲ, ಬರೆಯುವವನು. ಬರೆಯುವವನಿಗೆ ತಿಳಿದದ್ದು ಇಷ್ಟು: ಉಡುಪಿನ ಫೋಟೊ ಹಾಕುವಾಗ ಊರಿನ ಹೆಸರು ಹಾಕಿ. ಯಾವ ಕಾಲದ್ದು ಅಂತ ಹಾಕಿ. ಹೊಲಿದವರ ಹೆಸರು ಗೊತ್ತಿದ್ದರೆ ಮೊದಲು ಅದನ್ನೇ ಹಾಕಿ, ತೊಟ್ಟು ಕುಣಿದವರ ಹೆಸರು ಆಮೇಲೆ. ಆ ಊರಿನ ಹುಡುಗಿ ನಾಳೆ ಮಖಮಲ್ಲು ಬೇಡ, ಜೀನ್ಸ್ ಬಟ್ಟೆಯ ಮೇಲೆ ಮಣಿ ಹೊಲಿಯುತ್ತೇನೆ ಅಂದರೆ ತಡೆಯಬೇಡಿ. ಅವಳ ಮುತ್ತಜ್ಜಿಯೂ ಇಂಥದ್ದೇ ಕೆಲಸ ಮಾಡಿದ್ದಳು, ಅವಳ ಕಾಲಕ್ಕೆ ಹೊಸದಾಗಿ ಬಂದ ಬಟ್ಟೆಯ ಮೇಲೆ ಹೊಸದಾಗಿ ಬಂದ ಮಣಿ. ಅಂದು ಯಾರೋ ಒಬ್ಬ ಪಂಡಿತ ಬಂದು "ಅಮ್ಮಾ, ನಾರುಬಟ್ಟೆಯೇ ನಿಮ್ಮ ಪರಂಪರೆ, ಇದೆಲ್ಲ ಮುಟ್ಟಬೇಡಿ" ಅಂದಿದ್ದರೆ ಇವತ್ತು ಈ ರೀಲ್ಸೂ ಇರುತ್ತಿರಲಿಲ್ಲ, ಹದಿನೇಳು ಹಾರ್ಟೂ ಇರುತ್ತಿರಲಿಲ್ಲ.

ಇಷ್ಟೆಲ್ಲ ಯೋಚನೆ ಮಾಡಿ ನಾನು ಗುಂಪಿನಲ್ಲಿ ಒಂದೇ ಸಾಲು ಹಾಕಿದೆ: "ಕುಣಿತ ಚೆನ್ನಾಗಿದೆ. ಈ ಜಾಕೀಟು ಹೊಲಿದವರು ಯಾರು ಅಂತ ಅದರಲ್ಲಿ ಎಲ್ಲಾದರೂ ಬರೆದಿದೆಯಾ ನೋಡಿ."

ಎರಡು ಗಂಟೆ ಯಾರೂ ಮಾತಾಡಲಿಲ್ಲ. ಆಮೇಲೆ ವಿಡಿಯೊ ಹಾಕಿದ ಗೆಳೆಯ ಉತ್ತರ ಕೊಟ್ಟ. "ಪೂರ್ತಿ ನೋಡಿದೆ ಮಾರಾಯ. ಕುಣಿದವರ ತಂಡದ ಹೆಸರಿದೆ, ಕ್ಯಾಮೆರಾದವನ ಹೆಸರಿದೆ, ಡ್ರೋನ್ ಬಾಡಿಗೆ ಕೊಟ್ಟ ಕಂಪನಿ ಹೆಸರೂ ಇದೆ."